ಲೇಸರ್ ಡಯೋಡಿಗೆ ಅಳೆದು ಉಣಿಸುವ ವಿದ್ಯುತ್ತು

ಉಪನ್ಯಾಸಕರು ಪರದೆಯ ಮೇಲಿನ ಚಿತ್ರವನ್ನು ತೋರಿಸಲು ಹಿಡಿಯುವ ಕಿರುಕೋಲಿನಿಂದ ಕೆಂಪು ಬೆಳಕಿನ ಚುಕ್ಕೆಯೊಂದು ಹೊರಡುವುದನ್ನು ವಾಚಕರು ಕಂಡಿರಬಹುದು. ಅದರೊಳಗಿರುವುದು ಸಾಸಿವೆ ಕಾಳಿಗಿಂತಲೂ ಚಿಕ್ಕದಾದ ಅರೆವಾಹಕ ಸ್ಫಟಿಕ. ಅದೇ ಲೇಸರ್ ಡಯೋಡ್. ಅದನ್ನು ಟಾರ್ಚಿನ ಬಲ್ಬಿನಂತೆ ನೇರವಾಗಿ ಬ್ಯಾಟರಿಗೆ ಜೋಡಿಸಿದರೆ ಏನಾದೀತು? ಒಮ್ಮೆ ಬೆಳಗಿ, ಮತ್ತೆಂದೂ ಬೆಳಗದಂತೆ ಸತ್ತುಹೋಗುವ ಸಂಭವವೇ ಹೆಚ್ಚು.

ಬಲ್ಬಿನ ತಂತಿ ಕಾದಷ್ಟೂ ಅದರ ರೋಧ ಹೆಚ್ಚುವುದರಿಂದ ಅದು ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ. ಡಯೋಡಿನ ಸ್ವಭಾವ ಇದಕ್ಕೆ ತೀರ ವಿರುದ್ಧ. ವೋಲ್ಟೇಜು ಎಳ್ಳಷ್ಟು ಏರಿದರೆ ಪ್ರವಾಹ ಬೆಟ್ಟದಷ್ಟು ಏರುತ್ತದೆ. ಅದರಿಂದ ಸ್ಫಟಿಕ ಬಿಸಿಯಾದರೆ ಅದೇ ವೋಲ್ಟೇಜಿಗೆ ಇನ್ನೂ ಹೆಚ್ಚು ಪ್ರವಾಹ ಹರಿಯುತ್ತದೆ. ಶಾಖಕ್ಕಿಂತಲೂ ಬೇಗನೆ ಅದನ್ನು ಕೊಲ್ಲಬಲ್ಲುದು, ವಿಚಿತ್ರವೆಂದರೆ, ಅದರ ಸ್ವಂತ ಬೆಳಕೇ! 5 ಮಿಲಿವ್ಯಾಟ್ ಬೆಳಕು 3 ಚದರ ಮೈಕ್ರಾನಿನಷ್ಟು ಮುಖದಿಂದ ಹೊರಬೀಳುವುದಾದರೆ, ಅಲ್ಲಿನ ತೀವ್ರತೆ ಚದರ ಸೆಂಟಿಮೀಟರಿಗೆ ಒಂದೂವರೆ ಲಕ್ಷ ವ್ಯಾಟನ್ನು ಮೀರುತ್ತದೆ. ಪ್ರವಾಹ ಕ್ಷಣಮಾತ್ರ ಮಿತಿಮೀರಿದರೂ ಸ್ಫಟಿಕದ ಕನ್ನಡಿಯಂಥ ಮುಖ ಕರಗಿ ಕೆಡುತ್ತದೆ.

ಆದುದರಿಂದ ವೋಲ್ಟೇಜನ್ನಲ್ಲ, ಪ್ರವಾಹವನ್ನೇ ಅಳೆದು ಕೊಡಬೇಕು. ಇದಕ್ಕೆ ದೊಡ್ಡ ಯಂತ್ರವೇನೂ ಬೇಡ. ಎಲ್‌ಎಂ 317 ಎಂಬ ಅಗ್ಗದ ನಿಯಂತ್ರಕವು ತನ್ನ ಎರಡು ಕಾಲುಗಳ ನಡುವೆ ಸದಾ 1.25 ವೋಲ್ಟನ್ನು ಕಾಯ್ದುಕೊಳ್ಳುತ್ತದೆ. ಆ ಕಾಲುಗಳ ನಡುವೆ 50 ಓಮಿನ ರೋಧಕವನ್ನಿಟ್ಟರೆ, ಓಮನ ನಿಯಮದಂತೆ, ಅದರ ಮೂಲಕ ಡಯೋಡಿಗೆ ಹರಿಯುವುದು 25 ಮಿಲಿಆಂಪೇರ್ ಮಾತ್ರ.

ಎಷ್ಟು ಪ್ರವಾಹ ಬೇಕು? ಪ್ರತಿ ಡಯೋಡಿಗೂ ಒಂದು 'ಹೊಸ್ತಿಲು' ಇದೆ. ಅದನ್ನು ದಾಟುವವರೆಗೆ ಮಂದವಾದ ಸಾಮಾನ್ಯ ಬೆಳಕು, ದಾಟಿದೊಡನೆ ಲೇಸರ್. 1962ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ರಾಬರ್ಟ್ ಹಾಲ್ ಮತ್ತು ಸಂಗಡಿಗರು ಬೆಳಗಿಸಿದ ಗ್ಯಾಲಿಯಂ ಆರ್ಸೆನೈಡ್ ಡಯೋಡಿನ ಹೊಸ್ತಿಲು ಎಷ್ಟು ಎತ್ತರವಾಗಿತ್ತೆಂದರೆ, ಅದನ್ನು ದ್ರವ ನೈಟ್ರೊಜನ್ನಿನಲ್ಲಿ ತಣಿಸಿ, ಪ್ರವಾಹವನ್ನು ಬಿಡಿಬಿಡಿಯಾಗಿ ಮಿಡಿಯಬೇಕಾಯಿತು. ಕೋಣೆಯ ಉಷ್ಣತೆಯಲ್ಲಿ ಎಡೆಬಿಡದೆ ಬೆಳಗುವ ಡಯೋಡು 1970ರಲ್ಲಿ ಲೆನಿನ್‌ಗ್ರಾಡಿನ ಆಲ್ಫೆರೊವ್ ಅವರ ತಂಡಕ್ಕೂ, ಬೆಲ್ ಪ್ರಯೋಗಾಲಯದ ಹಯಾಶಿ ಮತ್ತು ಪ್ಯಾನಿಶ್ ಅವರಿಗೂ ದೊರೆಯಿತು.

ಬೆಳಕಿನ ಮೇಲೆ ಮಾತನ್ನು ಹೊರಿಸುವಾಗಲೂ ಹೊಸ್ತಿಲನ್ನು ಮರೆಯುವಂತಿಲ್ಲ. ಪ್ರವಾಹವನ್ನು ಏರಿಳಿಸಿದರೆ ಬೆಳಕೂ ಏರಿಳಿಯುತ್ತದೆ, ಇದೇ ಮಾಡ್ಯುಲೇಷನ್. ಆದರೆ ಪ್ರತಿಸಲವೂ ಸೊನ್ನೆಯಿಂದ ಹೊರಟರೆ, ಸ್ಫಟಿಕದಲ್ಲಿ ಎಲೆಕ್ಟ್ರಾನುಗಳು ತುಂಬಿಕೊಳ್ಳಲು ಒಂದು ನ್ಯಾನೊಸೆಕೆಂಡಿನಷ್ಟು ಕಾಲ ಹಿಡಿದೀತು. ಸೆಕೆಂಡಿಗೆ ನೂರು ಕೋಟಿ ಸಂಕೇತಗಳನ್ನು ಕಳಿಸುವಾಗ ಒಂದೊಂದರ ಪಾಲಿಗೆ ಬರುವ ಕಾಲವೂ ಅಷ್ಟೆ! ಆದುದರಿಂದ ಗಾಜಿನೆಳೆಯ ದೂರವಾಣಿ ಮಾರ್ಗಗಳಲ್ಲಿ ಡಯೋಡನ್ನು ಹೊಸ್ತಿಲಿನಾಚೆಗೇ ನಿಲ್ಲಿಸಿ, ಆ ಸ್ಥಿರಪ್ರವಾಹಕ್ಕೆ ಸಂಕೇತವನ್ನು ಕೂಡಿಸುತ್ತಾರೆ.

ಇಷ್ಟಾದರೂ ತೊಡಕು ಮುಗಿಯದು: ಉಷ್ಣತೆ ಏರಿದಂತೆ ಹೊಸ್ತಿಲೂ ಏರುತ್ತದೆ. ಅದಕ್ಕಾಗಿಯೇ ಹಲವು ಡಯೋಡುಗಳ ಬೆನ್ನಿಗೆ, ಅದೇ ಡಬ್ಬಿಯೊಳಗೆ, ಬೆಳಕನ್ನು ಅಳೆಯುವ ಇನ್ನೊಂದು ಡಯೋಡನ್ನು ಕೂರಿಸಿರುತ್ತಾರೆ. ಬೆಳಕು ಕುಂದಿದರೆ ಅದು ಮಂಡಲಕ್ಕೆ ತಿಳಿಸುತ್ತದೆ. ಮಂಡಲ ಪ್ರವಾಹವನ್ನು ತುಸು ಏರಿಸುತ್ತದೆ.