ಲ್ಯಾಪ್‌ಟಾಪ್‌ಗೆ ಮೆತ್ತನೆಯ ಕವರ್: ಹೊಲಿಗೆ ಗೊತ್ತಿದ್ದರೆ ಸಾಲದು, ಲೆಕ್ಕವೂ ಗೊತ್ತಿರಬೇಕು

ಪಿಯುಸಿ ಮುಗಿಸಿ ಡಿಗ್ರಿಗೆ ಸೇರುವ ಮಕ್ಕಳ ಬ್ಯಾಗಿನಲ್ಲಿ ಈಗ ಲ್ಯಾಪ್‌ಟಾಪ್ ಇರುತ್ತದೆ. ಗಲ್ಫ್‌ನಲ್ಲಿರುವ ಅಣ್ಣ ಕಳುಹಿಸಿದ್ದೋ, ಕಂತಿನಲ್ಲಿ ತೆಗೆದುಕೊಂಡದ್ದೋ ಆಗಿರುತ್ತದೆ. ಬಸ್ಸಿನ ನೂಕುನುಗ್ಗಲಿನಲ್ಲಿ ಒಮ್ಮೆ ಬಿದ್ದರೆ ಸ್ಕ್ರೀನ್ ಬದಲಿಸಲು ಸಾವಿರಾರು ರೂಪಾಯಿ ಬೇಕು. ಅದೇ ಮನೆಯ ಮೂಲೆಯಲ್ಲಿ ಹೊಲಿಗೆ ಮೆಷಿನ್ ಕೂಡ ಇರುತ್ತದೆ. ಹಬ್ಬ, ಮದುವೆ ಸೀಸನ್ ಮುಗಿದ ಮೇಲೆ ಅದಕ್ಕೆ ಕೆಲಸ ಕಡಿಮೆ. ಮೆತ್ತನೆಯ ಕವರ್ ಹೊಲಿದರೆ ಲ್ಯಾಪ್‌ಟಾಪೂ ಉಳಿಯುತ್ತದೆ, ಮನೆಗೆ ನಾಲ್ಕು ಕಾಸೂ ಬರುತ್ತದೆ.

ಬಟ್ಟೆಯ ಊರು

ಇದಕ್ಕೆ ಬೇಕಾದಂಥ ಸಾದಾ ಹತ್ತಿ ಬಟ್ಟೆ ನೇಯುವ ದೊಡ್ಡ ಊರುಗಳಲ್ಲಿ ಒಂದು ಗಡಿಯಾಚೆಗಿನ ಇಚಲಕರಂಜಿ. ಕೊಲ್ಹಾಪುರ ಜಿಲ್ಲೆಯ, ಪಂಚಗಂಗಾ ದಡದ ಈ ಊರಿಗೆ 1904ರಲ್ಲಿ ವಿಠ್ಠಲರಾವ್ ದಾತಾರ್ ಮೊದಲ ಪವರ್‌ಲೂಮ್ ತಂದರು. ಈಗ ಅದಕ್ಕೆ ‘ಮಹಾರಾಷ್ಟ್ರದ ಮ್ಯಾಂಚೆಸ್ಟರ್’ ಎಂದೇ ಹೆಸರು. ಕೊಲ್ಹಾಪುರ ನಗರದಲ್ಲಿ ಶಾಹು ಮಹಾರಾಜರು 1906ರಲ್ಲಿ ಬಟ್ಟೆ ಗಿರಣಿ ಆರಂಭಿಸಿದರು. ಮುಸ್ಲಿಂ ವಿದ್ಯಾರ್ಥಿಗಳ ಬೋರ್ಡಿಂಗ್‌ಗೂ ಅದೇ ವರ್ಷ ಚಾಲನೆ ಸಿಕ್ಕಿತು. ದುಡಿಮೆ ಮತ್ತು ಓದು ಜೊತೆಯಾಗಿ ಸಾಗಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಮಗ್ಗದಿಂದ ನೇರವಾಗಿ ಬರುವ ಕೋರಾ ಬಟ್ಟೆ ಅಗ್ಗ. ಆದರೆ ಅದರ ನೂಲಿನಲ್ಲಿ ಗಂಜಿ ಇರುತ್ತದೆ, ಒಗೆದಾಗ ಕುಗ್ಗುತ್ತದೆ. ಹಾಗಾಗಿ ಬಿಸಿನೀರಿನಲ್ಲಿ ನೆನೆಸಿ, ಒಗೆದು, ಇಸ್ತ್ರಿ ಹಾಕಿದ ಮೇಲೆಯೇ ಕತ್ತರಿಸಬೇಕು.

ಕೌದಿಯ ಪಾಠ

ಅದೇ ಜಿಲ್ಲೆಯ, ಹಿರಣ್ಯಕೇಶಿ ದಡದ ಗಡಹಿಂಗ್ಲಜ ಕನ್ನಡ, ಮರಾಠಿ ಎರಡೂ ಕೇಳಿಸುವ ಗಡಿ ಊರು. ಹಳೆ ಸೀರೆಗಳನ್ನು ಪದರ ಪದರವಾಗಿ ಇಟ್ಟು ಹೊಲಿಯುವ ಹೊದಿಕೆಗೆ ಈ ಭಾಗದ ಮರಾಠಿಯಲ್ಲಿ ವಾಕಳ, ಉತ್ತರ ಕರ್ನಾಟಕದಲ್ಲಿ ಕೌದಿ ಎನ್ನುತ್ತಾರೆ. ಹೊಲಿಗೆ ಎಲ್ಲ ಪದರಗಳನ್ನೂ ದಾಟಿ ಹೋಗುವುದರಿಂದ ಒಳಗಿನ ಬಟ್ಟೆ ಒಂದೆಡೆ ಗುಡ್ಡೆಯಾಗುವುದಿಲ್ಲ. ಲ್ಯಾಪ್‌ಟಾಪ್ ಕವರ್‌ನ ಗುಟ್ಟೂ ಇದೇ. 5 ಮಿ.ಮೀ. ಫೋಮ್ ಶೀಟ್ ಇಟ್ಟು, ಅದನ್ನು ಬಟ್ಟೆಗೆ ಸೇರಿಸಿ ಅಲ್ಲಲ್ಲಿ ಗೆರೆ ಹೊಲಿಗೆ ಹಾಕಬೇಕು. ಫೋಮ್ ಇಲ್ಲದಿದ್ದರೆ ಹಳೆ ಕಂಬಳಿಯ ಎರಡು ಪದರವೂ ಆದೀತು.

ಅಳತೆ ಮತ್ತು ಹೊಲಿಗೆ

14 ಇಂಚು ಎಂಬುದು ಸ್ಕ್ರೀನ್‌ನ ಮೂಲೆಯಿಂದ ಮೂಲೆಗೆ ಇರುವ ಅಳತೆ, ಅದನ್ನು ನಂಬಿ ಕತ್ತರಿ ಹಾಕಬಾರದು. ಲ್ಯಾಪ್‌ಟಾಪನ್ನೇ ಟೇಪ್ ಹಿಡಿದು ಅಳೆಯಬೇಕು. ಅಗಲಕ್ಕೂ ಉದ್ದಕ್ಕೂ ಅದರ ದಪ್ಪವನ್ನು ಕೂಡಿಸಿ, ಮತ್ತೆ 4 ಸೆಂ.ಮೀ. ಸೇರಿಸಬೇಕು: ಹೊಲಿಗೆ ಅಂಚಿಗೆ 2, ಫೋಮ್ ದಪ್ಪಕ್ಕೆ 1, ಸಡಿಲಕ್ಕೆ 1. ಲ್ಯಾಪ್‌ಟಾಪ್ 32 × 22, ದಪ್ಪ 2 ಸೆಂ.ಮೀ. ಇದ್ದರೆ ಬಟ್ಟೆಯ ತುಂಡು 38 × 28. ಫೋಮ್ ಮಾತ್ರ 36 × 26 ಸಾಕು, ಅಂಚಿನ ಹೊಲಿಗೆ ದಪ್ಪವಾಗುವುದಿಲ್ಲ.

ಹೊರಗೆ ಎರಡು, ಒಳಗೆ ಲೈನಿಂಗ್‌ಗೆ ಎರಡು ತುಂಡು ಬೇಕು. 16 ನಂಬರ್ ಸೂಜಿ, ಪಾಲಿಯೆಸ್ಟರ್ ದಾರ, 3 ಮಿ.ಮೀ. ಉದ್ದದ ಹೊಲಿಗೆ ಇರಲಿ. ಫೋಮ್ ಮೆಷಿನ್‌ನ ಪಾದಕ್ಕೆ ಅಂಟಿಕೊಂಡರೆ ಮೇಲೆ ತೆಳು ಕಾಗದ ಇಟ್ಟು ಹೊಲಿದು, ನಂತರ ಹರಿದು ತೆಗೆಯಬಹುದು. ಜಿಪ್ ಪ್ಲಾಸ್ಟಿಕ್‌ನದ್ದಾಗಿರಲಿ, ಕೆಳಗೊಂದು ಬಟ್ಟೆ ಪಟ್ಟಿ ಇದ್ದರೆ ಗೀರು ಬೀಳುವುದಿಲ್ಲ. ಮ್ಯಾಗ್ನೆಟ್ ಬಟನ್ ಬೇಡವೇ ಬೇಡ. ಮುಚ್ಚಳ ಮುಚ್ಚಿದ್ದನ್ನು ಗುರುತಿಸುವ ಸೆನ್ಸರ್ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಅಯಸ್ಕಾಂತದಿಂದಲೇ ಕೆಲಸ ಮಾಡುತ್ತದೆ.

ಲಾಭ ಎಲ್ಲಿ ಸೋರುತ್ತದೆ?

110 ಸೆಂ.ಮೀ. ಪನ್ನದ ಒಂದು ಮೀಟರ್ ಬಟ್ಟೆಯಲ್ಲಿ ಎಲ್ಲ ತುಂಡುಗಳನ್ನೂ ಒಂದೇ ದಿಕ್ಕಿಗೆ ಇಟ್ಟರೆ 6 ಬರುತ್ತವೆ. ಆರನ್ನು ಅಡ್ಡಕ್ಕೂ, ಉಳಿದ ಪಟ್ಟಿಯಲ್ಲಿ ಎರಡನ್ನು ಉದ್ದಕ್ಕೂ ಇಟ್ಟರೆ 8. ಗೆರೆ, ಚಿತ್ತಾರ ಇಲ್ಲದ ಸಾದಾ ಬಟ್ಟೆಯ ದೊಡ್ಡ ಅನುಕೂಲ ಇದು.

ಇನ್ನು ಬೆಲೆ. ಒಂದು ಕವರ್‌ಗೆ ಸಾಮಾನು 120 ರೂ., ಒಂದು ಗಂಟೆ ಕೆಲಸಕ್ಕೆ 60 ರೂ. ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಹಾಳಾಗುವ ಪೀಸ್‌ಗೆ ಶೇ.10 ಸೇರಿಸಿದರೆ 198 ರೂ. ಅಂಗಡಿಯವರು ಮಾರಾಟ ಬೆಲೆಯಲ್ಲಿ ಶೇ.20 ಇಟ್ಟುಕೊಳ್ಳುತ್ತಾರೆ ಎಂದಾದರೆ, 198ಕ್ಕೆ ಶೇ.20 ಕೂಡಿಸಿ 238 ಎಂದು ಬೋರ್ಡ್ ಹಾಕುವುದು ತಪ್ಪು. ಅಂಗಡಿಯ ಪಾಲು ಹೋಗಿ ಕೈಗೆ ಬರುವುದು 190 ಮಾತ್ರ. 198ನ್ನು 0.80ರಿಂದ ಭಾಗಿಸಬೇಕು, ಆಗ ಬೆಲೆ ಸುಮಾರು 248 ರೂ.

ಮನೆಯಲ್ಲೇ ಹೊಲಿಯುವುದಲ್ಲವಾ ಎಂದು ಆ 60 ರೂಪಾಯಿಯನ್ನು ಬಿಟ್ಟು ಲೆಕ್ಕ ಹಾಕುವವರೇ ಹೆಚ್ಚು. ಆಗ ಉಳಿತಾಯದಂತೆ ಕಾಣುವುದು ಲಾಭವಲ್ಲ, ಆ ಹೆಣ್ಣುಮಗಳ ಕೂಲಿ. ಹೊಲಿಗೆ ಬಾರದ ಮಕ್ಕಳೂ ಇಲ್ಲಿ ಸಹಾಯ ಮಾಡಬಹುದು. ಕಾಮರ್ಸ್ ಓದುವ ಮಗ ಒಂದು ನೋಟ್‌ಬುಕ್‌ನಲ್ಲಿ ಸಾಮಾನಿನ ಖರ್ಚು, ಕೆಲಸದ ಸಮಯ ಎರಡನ್ನೂ ಬರೆದಿಡಲಿ.

ಮಾರುವಾಗ ಗಿರಾಕಿಗೆ ಎರಡು ಮಾತು ಹೇಳುವುದು ಒಳ್ಳೆಯದು. ಹತ್ತಿ ಕವರ್ ನಮ್ಮ ಕರಾವಳಿ ಮಳೆಯನ್ನು ತಡೆಯುವುದಿಲ್ಲ, ಮಳೆಗಾಲಕ್ಕೆ ಹೊರಗೆ ರೆಕ್ಸಿನ್ ಬೇಕು. ಲ್ಯಾಪ್‌ಟಾಪನ್ನು ಪೂರ್ತಿ ಶಟ್‌ಡೌನ್ ಮಾಡಿಯೇ ಒಳಗಿಡಬೇಕು, ಏಕೆಂದರೆ ಫೋಮ್ ಪೆಟ್ಟನ್ನು ತಡೆಯುವಂತೆ ಬಿಸಿಯನ್ನೂ ಹೊರಗೆ ಬಿಡುವುದಿಲ್ಲ.