ರಸಮಂಜರಿಯ ವಾದ್ಯಗಾರನೂ ಮನೆಯ ಧ್ವನಿಮುದ್ರಣವೂ

'ಹಾಡಿದ್ದೇ ಹಾಡೋ ಕಿಸಬಾಯಿ ದಾಸ' ಎಂಬ ಗಾದೆ ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಹೊಸತೇನನ್ನೂ ಹೇಳಲಾರದವನನ್ನು ಮೂದಲಿಸುವುದಕ್ಕೆ ಇದನ್ನು ಆಡುತ್ತಾರೆ. ಗಾದೆ ಕಟ್ಟಿದವರ ಮೇಲೆ ನನಗೆ ಮುನಿಸಿಲ್ಲ. ಆದರೆ ಹಾಡಿದ್ದನ್ನೇ ಹಾಡುವುದು, ಅದನ್ನೂ ಮೂಲದ ಹಾಡು ಕಿವಿಯಲ್ಲಿ ಅಚ್ಚೊತ್ತಿದಂತಿರುವ ಸಾವಿರ ಜನ ಶ್ರೋತೃಗಳ ಮುಂದೆ ಹಾಡುವುದು, ಸುಲಭವಾದ ಕೆಲಸವೆಂದು ಮಾತ್ರ ಯಾರೂ ತಿಳಿಯಬಾರದು. ಹೊಸ ಹಾಡಿನಲ್ಲಿ ಸ್ವರ ತಪ್ಪಿದರೆ ಅದು ರಚನೆಯ ವೈಚಿತ್ರ್ಯವೆಂದು ಸಭೆ ಸುಮ್ಮನಿದ್ದೀತು. ಹಳೆಯ ಹಾಡಿನಲ್ಲಿ ತಪ್ಪಿದರೆ ಮುಂದಿನ ಸಾಲಿನಲ್ಲಿ ಕುಳಿತ ಹುಡುಗನೂ ನಗುತ್ತಾನೆ.

ನಮ್ಮ ನಾಡಿನಲ್ಲಿ ಇಂಥ ಕಾರ್ಯಕ್ರಮಕ್ಕೆ 'ರಸಮಂಜರಿ' ಎಂದು ಹೆಸರು. ತಂಡಕ್ಕೆ 'ಆರ್ಕೆಸ್ಟ್ರಾ' ಎಂದು ಹೆಸರು. ನಾನು ಎರಡು ವರ್ಷಗಳಿಂದ, ಪಾಠಪ್ರವಚನಗಳಿಗೆ ಭಂಗ ಬಾರದಂತೆ, ಇಂಥದೊಂದು ತಂಡದಲ್ಲಿ ಕೀಬೋರ್ಡು ನುಡಿಸುತ್ತ ಬಂದಿದ್ದೇನೆ. "ಮನೆಯಲ್ಲೇ ಹಾಡು ರೆಕಾರ್ಡು ಮಾಡಬೇಕು, ಯಾವ ಸಾಫ್ಟ್‌ವೇರು ಒಳ್ಳೆಯದು?" ಎಂದು ಸಹಪಾಠಿಗಳು ಆಗಾಗ ಕೇಳುವುದುಂಟು. ಅದಕ್ಕೆ ಉತ್ತರ ಹೇಳುವುದೇ ಈ ಲೇಖನದ ಉದ್ದೇಶ. ಆದರೆ ಉಪಕರಣದ ಮಾತು ಬರುವುದಕ್ಕೆ ಮೊದಲು ಅದು ಯಾವ ಕೆಲಸಕ್ಕೆ ಎಂಬುದು ತಿಳಿದಿರಬೇಕಷ್ಟೆ. ಆದುದರಿಂದ ವೃತ್ತಿಯ ಮಾತಿನಿಂದಲೇ ತೊಡಗುತ್ತೇನೆ.

ರೈತನಿಗೆ ಮಳೆ ನಕ್ಷತ್ರಗಳಿದ್ದಂತೆ ನಮಗೂ ಒಂದು ಪಂಚಾಂಗವುಂಟು. ಗಣೇಶ ಚತುರ್ಥಿಯಿಂದ ಮೊದಲಾಗಿ ದಸರೆಯವರೆಗೆ ಒಂದು ಸುಗ್ಗಿ. ನವೆಂಬರ್ ತಿಂಗಳು ಪೂರ್ತಿ ರಾಜ್ಯೋತ್ಸವದ ಸುಗ್ಗಿ. ಬೇಸಗೆಯಲ್ಲಿ ಜಾತ್ರೆಗಳು, ಮದುವೆಯ ಆರತಕ್ಷತೆಗಳು. ಆಷಾಢ ಬಂತೆಂದರೆ ಮದುವೆಯಿಲ್ಲ, ಧನುರ್ಮಾಸದಲ್ಲಿಯೂ ಹಾಗೆಯೇ. ಆ ದಿನಗಳಲ್ಲಿ ವೀಳ್ಯ ಕೊಡಲು ಯಾರೂ ಬಾರರು. ಒಂದು ಸಂಜೆಗೆ ಇಪ್ಪತ್ತು ಇಪ್ಪತ್ತೈದು ಹಾಡುಗಳು ಬೇಕು. 1972ರ 'ಬಂಗಾರದ ಮನುಷ್ಯ' ಚಿತ್ರದ ಜಿ. ಕೆ. ವೆಂಕಟೇಶರ ಸಂಗೀತ ಅಜ್ಜಂದಿರಿಗೆ, 1987ರ 'ಪ್ರೇಮಲೋಕ'ದ ಹಂಸಲೇಖರ ಸಂಗೀತ ತಂದೆತಾಯಿಗಳಿಗೆ, 2006ರ 'ಮುಂಗಾರು ಮಳೆ'ಯ ಮನೋಮೂರ್ತಿಯವರ ಸಂಗೀತ ಅಣ್ಣ ಅಕ್ಕಂದಿರಿಗೆ. ಆಮೇಲೆ ಈ ವರ್ಷದ ಹಾಡು ನಮ್ಮ ವಯಸ್ಸಿನವರಿಗೆ. ಪಿಟೀಲುಗಳ ಸಮೂಹವೊಂದು ನುಡಿಸಿದ್ದನ್ನೂ ಕಂಪ್ಯೂಟರು ನುಡಿಸಿದ್ದನ್ನೂ ಆರೇಳು ಜನ ಒಂದೇ ವೇದಿಕೆಯ ಮೇಲೆ ಸಂಭಾಳಿಸಬೇಕು.

ಇಷ್ಟಕ್ಕೆ ಮುಗಿಯಲಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಬಯಲಿನಲ್ಲಿ ರಾತ್ರಿ 10 ಗಂಟೆಯ ಮೇಲೆ ಧ್ವನಿವರ್ಧಕ ಕೂಡದು. ಉತ್ಸವಗಳಿಗೆಂದು ಸರ್ಕಾರವು ವರ್ಷಕ್ಕೆ 15 ದಿನಗಳನ್ನು ಮೀರದಂತೆ 12 ಗಂಟೆಯವರೆಗೆ ವಿನಾಯಿತಿ ಕೊಡಬಹುದು. ಸನ್ಮಾನ, ಭಾಷಣಗಳು ಮುಗಿದು ನಮ್ಮ ಸರದಿ ಬರುವಾಗ ಎಂಟೂವರೆ. ಉಳಿದ ಒಂದೂವರೆ ಗಂಟೆಯಲ್ಲಿ ತಡವರಿಸುವುದಕ್ಕೆ ಎಡೆಯೆಲ್ಲಿ? ಬಂದ ಗಾಯಕಿಗೆ ಮೂಲದ ಶ್ರುತಿ ಎತ್ತರವಾದರೆ ಎರಡು ಮನೆ ಇಳಿಸಿ ನುಡಿಸಬೇಕು. ಅಂದರೆ ಕಲಿತದ್ದೆಲ್ಲ ಬೇರೆ ಬೆರಳುಗಳಿಗೆ ಬರಬೇಕು. ಆದುದರಿಂದ ವೇದಿಕೆಯ ಕೆಲಸವೆಲ್ಲ ಮನೆಯಲ್ಲಿಯೇ ಮುಗಿದಿರಬೇಕು. ಮನೆಯ ಧ್ವನಿಮುದ್ರಣ ನಮಗೆ ಬೇಕಾದುದು ಇದಕ್ಕಾಗಿ.

ಈಗ ಯಂತ್ರದ ಮಾತಿಗೆ ಬರೋಣ. ಮೈಕು ಧ್ವನಿಯನ್ನು ವಿದ್ಯುತ್ತಾಗಿ ಮಾಡುತ್ತದೆ; 'ಇಂಟರ್‌ಫೇಸ್' ಎಂಬ ಪುಟ್ಟ ಪೆಟ್ಟಿಗೆ ಆ ವಿದ್ಯುತ್ತನ್ನು ಅಂಕಿಗಳಾಗಿ ಮಾಡುತ್ತದೆ; ಸಾಫ್ಟ್‌ವೇರು ಆ ಅಂಕಿಗಳನ್ನು ಸಾಲುಗಳಲ್ಲಿ ಜೋಡಿಸಿಡುತ್ತದೆ. ಇಷ್ಟೇ ಇದರ ರಹಸ್ಯ. ಸೆಕೆಂಡಿಗೆ 48,000 ಸಲ ಅಳತೆ ತೆಗೆದು, ಪ್ರತಿ ಅಳತೆಯನ್ನು 24 ಬಿಟ್‌ಗಳಲ್ಲಿ, ಅಂದರೆ 3 ಬೈಟ್‌ಗಳಲ್ಲಿ, ಬರೆದಿಟ್ಟರೆ ಒಂದು ಸಾಲಿಗೆ ನಿಮಿಷಕ್ಕೆ ಸುಮಾರು 8.6 ಮೆಗಾಬೈಟ್ ಆಗುತ್ತದೆ. ಎಂಟು ಸಾಲಿನ ನಾಲ್ಕು ನಿಮಿಷದ ಹಾಡಿಗೆ ಸುಮಾರು 276 ಮೆಗಾಬೈಟ್. ಸಾಧಾರಣ ಲ್ಯಾಪ್‌ಟಾಪಿಗೆ ಇದು ಭಾರವೇನಲ್ಲ.

ಹೊಸಬರನ್ನು ಕಾಡುವುದು ಬೇರೊಂದು ಸಂಗತಿ: ಕಾಲವಿಳಂಬ. ಕಂಪ್ಯೂಟರು ಅಂಕಿಗಳನ್ನು ಒಂದೊಂದಾಗಿ ಅಲ್ಲ, ಗುಂಪುಗುಂಪಾಗಿ ಸಾಗಿಸುತ್ತದೆ. ಈ ಗುಂಪಿಗೆ 'ಬಫರ್' ಎಂದು ಹೆಸರು. ಬಫರು 1,024 ಆದರೆ ಒಂದು ದಾರಿಗೆ ಸುಮಾರು 21 ಮಿಲಿಸೆಕೆಂಡು, ಒಳಗೆ ಹೊರಗೆ ಎರಡೂ ಸೇರಿ ಸುಮಾರು 43. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರು ಹೋಗುವುದರಿಂದ, ನಿಮ್ಮ ಧ್ವನಿಯನ್ನು ನೀವು ಹದಿನಾಲ್ಕು ಮೀಟರಿಗೂ ಹೆಚ್ಚು ದೂರದ ಸ್ಪೀಕರಿನಿಂದ ಕೇಳಿದಂತಾಯಿತು. ತಾಳ ತಪ್ಪದೆ ಇನ್ನೇನಾದೀತು? ಬಫರನ್ನು 128ಕ್ಕೆ ಇಳಿಸಿದರೆ ಆ ದೂರ ಎರಡು ಮೀಟರಿಗೂ ಒಳಗೆ ಬರುತ್ತದೆ. ವೇದಿಕೆಯ ಮೇಲೆ ಪಕ್ಕದವನು ನಿಲ್ಲುವಷ್ಟೇ ದೂರ. ಮುದ್ರಿಸುವಾಗ ಬಫರು ಚಿಕ್ಕದು, ಆಮೇಲೆ ಸಾಲುಗಳನ್ನು ಹದವಾಗಿ ಬೆರೆಸುವಾಗ ದೊಡ್ಡದು: ಇದೊಂದು ಸೂತ್ರ ನೆನಪಿದ್ದರೆ ಅರ್ಧ ಸಂಕಟ ಪರಿಹಾರವಾದಂತೆ. ಇನ್ನರ್ಧ ಕೊಠಡಿಯದು. ಬರಿಯ ಗೋಡೆಯ ಕೋಣೆ ಡಬ್ಬದಂತೆ ಮೊಳಗುತ್ತದೆ. ಅಜ್ಜಿ ಹೊಲಿದ ಎರಡು ಕೌದಿಗಳನ್ನು ಹಾಡುವವನ ಹಿಂದೆ ತೂಗುಹಾಕಿ, ಮೈಕನ್ನು ಬಾಯಿಂದ ಒಂದು ಗೇಣು ದೂರವಿಟ್ಟು, ಮಾಪಕದ ಸೊನ್ನೆಯ ಗೆರೆಯನ್ನು ಮುಟ್ಟದಂತೆ ಹಾಡಿದರೆ, ಬೆಲೆಬಾಳುವ ಯಂತ್ರಗಳಿಲ್ಲದೆಯೂ ಧ್ವನಿ ತಿಳಿಯಾಗಿ ಬರುತ್ತದೆ.

ಇನ್ನು ಸಾಫ್ಟ್‌ವೇರಿನ ಆಯ್ಕೆ. ಕಲಿಕೆಯೇ ಮುಖ್ಯವಾದವರಿಗೆ 'ಆಡಾಸಿಟಿ' ಸಾಕು. 2000ದಲ್ಲಿ ಹೊರಬಂದ ಇದು ಉಚಿತ. ಹಳೆಯ ಕಂಪ್ಯೂಟರಿನಲ್ಲಿಯೂ ನಡೆಯುತ್ತದೆ. ಹಾಡಿನ ಶ್ರುತಿ ಕೆಡದಂತೆ ವೇಗವನ್ನು ಇಳಿಸುವುದೂ, ವೇಗ ಕೆಡದಂತೆ ಶ್ರುತಿಯನ್ನು ಇಳಿಸುವುದೂ ಇದರಲ್ಲಿ ಸಾಧ್ಯ. ಪಲ್ಲವಿ ಮುಗಿದು ಚರಣ ತೊಡಗುವುದರೊಳಗೆ ಬರುವ ವಾದ್ಯದ ತುಣುಕನ್ನು ನಮ್ಮವರು 'ಬಿಟ್' ಎನ್ನುತ್ತಾರೆ. ಅಂಥ ಕಠಿಣ ಬಿಟ್ಟೊಂದನ್ನು ಅರ್ಧ ವೇಗದಲ್ಲಿ ಹತ್ತು ಸಲ ಕೇಳಿದರೆ, ಗುರುಗಳು ಪಕ್ಕದಲ್ಲಿ ಕುಳಿತು ಬಿಡಿಸಿ ಹೇಳಿದಂತೆಯೇ ಆಗುತ್ತದೆ. ಆದರೆ ಕೀಬೋರ್ಡಿನ ಸ್ವರಸೂಚನೆಗಳನ್ನು, ಅಂದರೆ 1983ರಿಂದ ಬಳಕೆಗೆ ಬಂದ 'ಮಿಡಿ' ಎಂಬುದನ್ನು, ಮುದ್ರಿಸಿಕೊಳ್ಳುವುದಕ್ಕೆ ಆಡಾಸಿಟಿ ಒದಗದು.

ಅದು ಬೇಕೆನ್ನುವವರಿಗೆ ಬೇರೆ ದಾರಿಗಳಿವೆ. ಆಪಲ್ ಯಂತ್ರವಿದ್ದವರಿಗೆ 2004ರಲ್ಲಿ ಬಂದ 'ಗ್ಯಾರೇಜ್‌ಬ್ಯಾಂಡ್' ಉಚಿತವಾಗಿ ದೊರೆಯುತ್ತದೆ. ಇತರರಿಗೆ ಅದು ಕೈಗೆಟುಕದ ದ್ರಾಕ್ಷಿ. ಕೈಯಲ್ಲಿ ಮೊಬೈಲು ಮಾತ್ರ ಇರುವವರು 'ಬ್ಯಾಂಡ್‌ಲ್ಯಾಬ್'ನಿಂದ ತೊಡಗಬಹುದು. ಲಯದ ತುಣುಕುಗಳನ್ನು ಜೋಡಿಸಿ ಹೊಸ ಹಾಡು ಕಟ್ಟುವವರಿಗೆ ಬೆಲ್ಜಿಯಂ ದೇಶದ 'ಎಫ್‌ಎಲ್ ಸ್ಟುಡಿಯೋ' ಪ್ರಿಯ. ಆದರೆ ಅದರ ಪರೀಕ್ಷಾ ಪ್ರತಿಯಲ್ಲಿ ಉಳಿಸಿದ ಕೆಲಸವನ್ನು ಮತ್ತೆ ತೆರೆಯಲಾಗದು. ಲಿನಕ್ಸ್ ಬಳಸುವವರಿಗೆ 'ಆರ್ಡರ್' ಉಂಟು. ನಾನು ಬಳಸುತ್ತಿರುವುದು 'ರೀಪರ್'. ಅರವತ್ತು ದಿನ ಯಾವ ಕಟ್ಟುಪಾಡೂ ಇಲ್ಲದೆ ಪೂರ್ಣವಾಗಿ ಪರೀಕ್ಷಿಸಬಹುದು. ಆಮೇಲೆ ನಮ್ಮಂಥ ಸಣ್ಣ ಬಳಕೆದಾರರಿಗೆ ಅದರ ಬೆಲೆ 60 ಡಾಲರು. ಗಾತ್ರ ಚಿಕ್ಕದು, ಸಾಮರ್ಥ್ಯ ದೊಡ್ಡದು. ಆದರೆ ಸಿದ್ಧವಾದ ವಾದ್ಯಗಳ ಭಂಡಾರ ಅದರೊಡನೆ ಬರುವುದಿಲ್ಲ. ಬರಿಯ ಮನೆ ಕೊಟ್ಟು ಪಾತ್ರೆಪಡಗ ನೀವೇ ತನ್ನಿರೆಂದಂತೆ.

ಕದ್ದ ಪ್ರತಿಗಳು ಬೇಕಾದಷ್ಟು ಸಿಕ್ಕುತ್ತವಲ್ಲ ಎಂದು ಕೆಲವರು ಹೇಳುವುದುಂಟು. ಉಚಿತವಾದ ಒಳ್ಳೆಯ ಸಾಧನಗಳು ಇಷ್ಟಿರುವಾಗ ಕಳವಿಗೆ ನೆಪವೂ ಇಲ್ಲ. ಮೇಲಾಗಿ ಅವುಗಳೊಡನೆ ವೈರಸ್ಸು ಬಂದೀತೆಂಬ ಭಯ ಬೇರೆ. ಇನ್ನೊಂದು ಎಚ್ಚರಿಕೆ. 'ಕೇಕ್‌ವಾಕ್' ಎಂಬ ಹೆಸರಾಂತ ಸಾಫ್ಟ್‌ವೇರಿನ ತಯಾರಿಕೆಯನ್ನು ಅದರ ಒಡೆಯರಾದ ಗಿಬ್ಸನ್ ಕಂಪನಿಯವರು 2017ರಲ್ಲಿ ನಿಲ್ಲಿಸಿದರು. 2018ರಲ್ಲಿ ಬ್ಯಾಂಡ್‌ಲ್ಯಾಬಿನವರು ಅದನ್ನು ಕೊಂಡು ಉಚಿತವಾಗಿ ಹಂಚಿದರು. 2023ರಲ್ಲಿ ಅದರ ಬದಲು ಬೇರೊಂದು ಬರುವುದೆಂದು ಸಾರಿದರು. ಸಾಫ್ಟ್‌ವೇರು ಬಾಡಿಗೆಯ ಮನೆಯಿದ್ದಂತೆ. ಯಾವಾಗ ಬಿಡಬೇಕಾದೀತೋ ತಿಳಿಯದು. ಆದುದರಿಂದ ಮುಗಿಸಿದ ಪ್ರತಿ ಹಾಡಿನ ಒಂದೊಂದು ಸಾಲನ್ನೂ ಬೇರೆಬೇರೆಯಾಗಿ 'ವೇವ್' ಕಡತವಾಗಿ ತೆಗೆದಿಡತಕ್ಕದ್ದು. ಅದನ್ನು ಯಾವ ಸಾಫ್ಟ್‌ವೇರಾದರೂ ಓದುತ್ತದೆ.

ಇಷ್ಟರಮಟ್ಟಿಗೆ ಉಪಕರಣದ ಮಾತಾಯಿತು. ಆದರೆ ಆಯ್ಕೆಯ ನಿಜವಾದ ಪ್ರಶ್ನೆ ಇರುವುದು ಮುಂದೆ. ಮನೆಯಲ್ಲಿ ಇಷ್ಟೆಲ್ಲ ಮಾಡಬಹುದೆಂದ ಮೇಲೆ, ವಾದ್ಯಗಳನ್ನೆಲ್ಲ ಮುಂಚೆಯೇ ಮುದ್ರಿಸಿ 'ಟ್ರ್ಯಾಕ್' ಮಾಡಿಕೊಂಡು ವೇದಿಕೆಗೆ ಗಾಯಕನೊಬ್ಬನೇ ಹೋದರೆ ಸಾಲದೆ? ಅಷ್ಟು ಶ್ರಮವೂ ಬೇಡ. 2019ರಲ್ಲಿ ಫ್ರಾನ್ಸಿನ ಡೀಜರ್ ಕಂಪನಿಯವರು 'ಸ್ಪ್ಲೀಟರ್' ಎಂಬ ಸಾಧನವನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ಸಿದ್ಧವಾದ ಹಾಡಿನಿಂದ ಗಾಯನವನ್ನೂ ವಾದ್ಯಗಳನ್ನೂ ಅದು ಬೇರ್ಪಡಿಸುತ್ತದೆ. ಹಂಸ ಹಾಲನ್ನೂ ನೀರನ್ನೂ ಬೇರೆ ಮಾಡುವುದೆಂಬ ಕವಿಸಮಯ ಇಲ್ಲಿ ನಿಜವಾಗಿದೆಯೆನ್ನಬೇಕು. ಕಲಿಯುವವರಿಗೆ ಇದೊಂದು ವರ. ಅದೇ ವರ ವೃತ್ತಿಯವರಿಗೆ ಶಾಪವಾಗಲೂ ಬಹುದು.

"ಎಲ್ಲ ಕಂಪ್ಯೂಟರಿನಲ್ಲೇ ಬರುತ್ತದಂತಲ್ಲಪ್ಪಾ, ಮತ್ತೆ ಇಷ್ಟು ಜನಕ್ಕೆ ಏಕೆ ಕೊಡಬೇಕು?" ಎಂದು ಕಾರ್ಯಕ್ರಮ ಏರ್ಪಡಿಸುವವರು ಈಗ ನೇರವಾಗಿಯೇ ಕೇಳುತ್ತಾರೆ. ಅವರ ಲೆಕ್ಕದಲ್ಲಿ ಅದು ಉಳಿತಾಯ. ನಮ್ಮ ತಂಡದ ತಬಲಾ ವಾದಕರಿಗೆ ಮಾತ್ರ ಇದೇ ಜೀವನ. ಮಕ್ಕಳ ಶಾಲೆಯ ಶುಲ್ಕ ಅವರಿಗೆ ಗಣಪತಿಯ ತಿಂಗಳ ಸಂಪಾದನೆಯಿಂದಲೇ ಬರತಕ್ಕದ್ದು. 1985ರಲ್ಲಿ ರೋಲ್ಯಾಂಡ್ ಕಂಪನಿಯವರ 'ಆಕ್ಟೋಪ್ಯಾಡ್' ಬಂದುದೂ ತಬಲೆ ಢೋಲಕ್ಕುಗಳಿಗೆ ಪೆಟ್ಟೇ ಆಯಿತು. ಆದರೆ ಅದನ್ನು ಬಾರಿಸುವುದಕ್ಕೆ ಒಬ್ಬ ಮನುಷ್ಯ ಬೇಕಾಗಿತ್ತು. ಟ್ರ್ಯಾಕಿಗೆ ಆ ಒಬ್ಬನೂ ಬೇಡ.

ಮರುಕದ ಮಾತು ಹಾಗಿರಲಿ, ಕಲೆಯ ದೃಷ್ಟಿಯಿಂದಲೇ ನೋಡೋಣ. ಗಾಯಕ ಎರಡನೆಯ ಚರಣವನ್ನು ಮರೆತು ಮೂರನೆಯದಕ್ಕೆ ಹಾರಿದರೆ ಮನುಷ್ಯರ ತಂಡ ಅವನ ಹಿಂದೆಯೇ ಹಾರಿ ಮಾನ ಉಳಿಸುತ್ತದೆ. ಟ್ರ್ಯಾಕು ತನ್ನ ದಾರಿಯಲ್ಲಿ ತಾನು ಹೋಗುತ್ತದೆ. ಜನ 'ಒನ್ಸ್ ಮೋರ್' ಎಂದು ಕೂಗಿದರೆ ತಂಡ ಮುಕ್ತಾಯವನ್ನು ತಡೆದು ಪಲ್ಲವಿಗೆ ಮರಳುತ್ತದೆ. ಟ್ರ್ಯಾಕು ಅಷ್ಟರಲ್ಲಿ ಮುಗಿದಿರುತ್ತದೆ. ಒಮ್ಮೆ ಈ ಚರ್ಚೆ ನಡೆದಾಗ ಆ ತಬಲಾ ವಾದಕರೇ, "ಹಾಡುವವರು ಉಸಿರು ತೆಗೆದುಕೊಳ್ಳುವುದು ಆ ಪೆಟ್ಟಿಗೆಗೆ ಕಾಣುತ್ತದೇನಪ್ಪಾ?" ಎಂದು ಕೇಳಿದರು. ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಓದಿಲ್ಲ. ಕೊನೆಗೆ ನಮ್ಮ ತಂಡ ಒಂದು ಕಟ್ಟಳೆ ಮಾಡಿಕೊಂಡಿತು: ನಮ್ಮಲ್ಲಿ ನುಡಿಸುವವರಿಲ್ಲದ ವಾದ್ಯವನ್ನು ಮಾತ್ರ, ಪಿಟೀಲುಗಳ ಸಮೂಹವನ್ನೋ ಕೊಳಲನ್ನೋ, ಮುದ್ರಿಸಿ ಬಳಸುವುದು, ವೇದಿಕೆಯ ಮೇಲೆ ಮನುಷ್ಯನಿರುವ ಸ್ಥಾನಕ್ಕೆ ಯಂತ್ರವನ್ನು ಕೂರಿಸದಿರುವುದು. ಇದರಿಂದ ಎರಡು ಕಾರ್ಯಕ್ರಮಗಳು ಕೈತಪ್ಪಿದುವೆಂಬುದೂ ನಿಜ. ತಂಡ ಒಡೆಯಲಿಲ್ಲವೆಂಬುದೂ ನಿಜ.

ಕಾನೂನಿನ ವಿಷಯವಾಗಿಯೂ ನಾಲ್ಕು ಮಾತು ಅವಶ್ಯ. ಹಾಡು ಹಾಡಿದವರದು ಮಾತ್ರವಲ್ಲ. ಬರೆದವರದು, ರಾಗ ಕಟ್ಟಿದವರದು ಕೂಡ. 1957ರ ಕೃತಿಸ್ವಾಮ್ಯ ಶಾಸನದ 52ನೆಯ ಪ್ರಕರಣವು ಧಾರ್ಮಿಕ ಸಮಾರಂಭಗಳಲ್ಲಿ, ಮದುವೆಗೆ ಸಂಬಂಧಿಸಿದ ಉತ್ಸವಗಳಲ್ಲಿ, ಸರ್ಕಾರದ ಮತ್ತು ಸ್ಥಳೀಯ ಸಂಸ್ಥೆಗಳ ಅಧಿಕೃತ ಸಮಾರಂಭಗಳಲ್ಲಿ ಹಾಡುವುದಕ್ಕೆ ವಿನಾಯಿತಿ ಕೊಟ್ಟಿದೆ. ಟಿಕೆಟ್ಟಿಟ್ಟ ಸಭೆಗೆ ಅನುಮತಿ ಬೇಕು. ಅದಕ್ಕಾಗಿಯೇ 1969ರಲ್ಲಿ ಸ್ಥಾಪಿತವಾದ 'ಐಪಿಆರ್‌ಎಸ್' ಎಂಬ ಸಂಘವಿದೆ. ಹಾಡನ್ನು ಮತ್ತೆ ಹಾಡಿಸಿ ಮುದ್ರಿಸಿ ಮಾರುವುದಕ್ಕೆ ಇನ್ನೂ ಬಿಗಿಯಾದ ಕಟ್ಟಳೆಯುಂಟು. 2012ರ ತಿದ್ದುಪಡಿಯಿಂದ ಬಂದ 31ಸಿ ಪ್ರಕರಣದಂತೆ, ಮೊದಲ ಮುದ್ರಣವಾದ ವರ್ಷ ಮುಗಿದು ಐದು ವರ್ಷ ಕಳೆದಿರಬೇಕು. ಮುಂಚಿತವಾಗಿ ತಿಳಿಸಿ, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ಗೌರವಧನ ತೆರಬೇಕು. ಮನೆಯಲ್ಲಿ ಅಭ್ಯಾಸಕ್ಕೆ ಮುದ್ರಿಸುವುದು ಒಂದು, ಮುದ್ರಿಸಿದ್ದನ್ನು ಲೋಕಕ್ಕೆ ಬಿಡುವುದು ಇನ್ನೊಂದು ಎಂಬ ವಿವೇಕ ನಮಗಿರಬೇಕು. ನಮ್ಮ ಹೊಟ್ಟೆ ತುಂಬಿಸುವ ಹಾಡನ್ನು ಕಟ್ಟಿದವರಿಗೂ ಹೊಟ್ಟೆಯುಂಟಷ್ಟೆ.

ಹಾಗಾದರೆ ಯಾವ ಸಾಫ್ಟ್‌ವೇರು ಒಳ್ಳೆಯದು? ಕಲಿಯುವುದಕ್ಕೆ ಆಡಾಸಿಟಿ, ಕಟ್ಟುವುದಕ್ಕೆ ರೀಪರ್, ಕೈಯಲ್ಲಿ ಕಾಸಿಲ್ಲದಿದ್ದರೆ ಮೊಬೈಲು. ಯಾವುದನ್ನೇ ಹಿಡಿಯಿರಿ, ಒಂದು ವರ್ಷ ಅದನ್ನೇ ಹಿಡಿಯಿರಿ. ದಿನಕ್ಕೊಂದು ಗರಡಿ ಬದಲಾಯಿಸಿದವನು ಪೈಲ್ವಾನನಾದುದಿಲ್ಲ. ಇದಕ್ಕಿಂತ ಮುಖ್ಯವಾದುದು ಅದನ್ನು ಕನ್ನಡಿಯಂತೆ ಬಳಸುವುದು. ನುಡಿಸಿದ್ದನ್ನು ಮರುದಿನ ಕೇಳಿದಾಗ ನಮ್ಮ ಓರೆಕೋರೆಗಳು ನಮಗೇ ತಿಳಿಯುತ್ತವೆ. ಯಾವ ಮಿತ್ರನೂ ಅಷ್ಟು ನಿಷ್ಠುರವಾಗಿ ಹೇಳಲಾರ. ಕನ್ನಡಿಯ ಮುಂದೆ ಸಿದ್ಧನಾಗಿ ಸಭೆಗೆ ಹೋಗುವುದು ಮರ್ಯಾದೆ. ತಾನು ಹೋಗದೆ ಕನ್ನಡಿಯನ್ನೇ ಸಭೆಗೆ ಕಳುಹಿಸುವುದು ನಗೆಗೀಡು. ಮುಂದಿನ ಗಣೇಶೋತ್ಸವದಲ್ಲಿ ನಮ್ಮ ಕಾಲೇಜಿನ ಹೊಸ ತಂಡವೊಂದು ವೇದಿಕೆಯೇರುವುದಾದರೆ, ತಬಲೆಯ ಮುಂದೆ ಕೈಗಳೆರಡನ್ನು ಕಾಣುವ ಭಾಗ್ಯ ಸಭಿಕರಿಗೆ ದೊರೆಯಲೆಂದು ಹಾರೈಸುತ್ತೇನೆ.