ಬೀದಿ ಈಚೆ ಫೈಬರ್, ಬೀದಿ ಆಚೆ ತಾಮ್ರ

2019ರಲ್ಲಿ ನನ್ನಕ್ಕ ಮೆಲ್ಬರ್ನ್‌ನಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದಳು. ಎರಡು ಮನೆ ಇಷ್ಟ ಆಗಿದ್ದವು. ಒಂದು ಹಳೇ ಬಡಾವಣೆಯದ್ದು, ಸ್ಟೇಷನ್‌ಗೆ ಹತ್ತಿರ, ಹಿತ್ತಲಲ್ಲಿ ನಿಂಬೆ ಗಿಡ ಬೇರೆ. ಇನ್ನೊಂದು ಅಲ್ಲಿಂದ ನಾಲ್ಕು ಬೀದಿ ಆಚೆ, ಹೊಸ ಲೇಔಟ್‌ನಲ್ಲಿ. ವಾರಕ್ಕೆ 30 ಡಾಲರ್ ಬಾಡಿಗೆ ಜಾಸ್ತಿ (ಅಲ್ಲಿ ಬಾಡಿಗೆ ಲೆಕ್ಕ ವಾರಕ್ಕೆ). ಅಕ್ಕ ಎರಡನೆಯದನ್ನೇ ಹಿಡಿದಳು.

"ನಿಂಬೆ ಗಿಡ ಬಿಟ್ಟು ಬಂದ್ಯಾ?" ಅಂತ ಅಮ್ಮ ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರ ಅಮ್ಮನಿಗಂತೂ ಬಿಡಿ, ಸಾಫ್ಟ್‌ವೇರ್‌ನಲ್ಲಿ ಕೂಲಿ ಮಾಡೋ ನನಗೂ ಆಗ ಅರ್ಥ ಆಗಲಿಲ್ಲ. "ಆ ಮನೆ ಎಫ್‌ಟಿಟಿಎನ್, ಈ ಮನೆ ಎಫ್‌ಟಿಟಿಪಿ. ನಾನು ಮನೆಯಿಂದ ಕೆಲಸ ಮಾಡ್ಬೇಕು ಕಣೋ."

ಒಂದೇ ಊರು, ಒಂದೇ ಸರ್ಕಾರಿ ಕಂಪನಿ ಎಳೆದ ನೆಟ್‌ವರ್ಕ್. ಆದರೂ ಒಂದು ಬೀದಿಗೆ ಗಾಜಿನ ಎಳೆ, ಇನ್ನೊಂದು ಬೀದಿಗೆ ಹಳೇ ಫೋನಿನ ತಾಮ್ರದ ತಂತಿ. ಯಾಕೆ ಹೀಗೆ ಅಂತ ಹುಡುಕುತ್ತಾ ಹೋದರೆ ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಸಿಕ್ಕಿದ್ದು ರಾಜಕೀಯ. ಮೂರ್ನಾಲ್ಕು ಪ್ರಧಾನಿಗಳು ಇದಕ್ಕಾಗಿ ಜಗಳ ಆಡಿದ್ದಾರೆ. ಒಂದು ಸರ್ಕಾರ ರಚನೆಯಾಗುವಾಗ ಬ್ರಾಡ್‌ಬ್ಯಾಂಡ್ ಕೂಡ ತಕ್ಕಡಿಯಲ್ಲಿ ಕೂತಿತ್ತು.

ಮೊದಲ ತಪ್ಪು ಎಲ್ಲಿ?

ಕಥೆ ಟೆಲ್‌ಸ್ಟ್ರಾದಿಂದ ಶುರುವಾಗಬೇಕು. ನಮ್ಮ ಬಿಎಸ್‌ಎನ್‌ಎಲ್ ಇದ್ದ ಹಾಗೆ ಅದು ಆಸ್ಟ್ರೇಲಿಯಾದ ಸರ್ಕಾರಿ ಟೆಲಿಫೋನ್ ಕಂಪನಿ. 1997, 1999 ಮತ್ತು 2006ರಲ್ಲಿ ಮೂರು ಕಂತಲ್ಲಿ ಅದರ ಷೇರು ಮಾರಿದರು. ಮಾರಿದ್ದು ತಪ್ಪೋ ಸರಿಯೋ, ಅದು ಬೇರೆ ಚರ್ಚೆ. ಎಡವಟ್ಟಾಗಿದ್ದು ಇನ್ನೊಂದು ಕಡೆ. ನೆಲದಡಿಯ ತಂತಿ ಮತ್ತು ಗ್ರಾಹಕರಿಗೆ ಕನೆಕ್ಷನ್ ಮಾರುವ ವ್ಯಾಪಾರ ಎರಡನ್ನೂ ಒಂದೇ ಕಂಪನಿಯ ಕೈಯಲ್ಲಿ ಬಿಟ್ಟರು. ಬೇರೆ ಕಂಪನಿಗಳು ಗ್ರಾಹಕರನ್ನು ಹಿಡಿಯಬೇಕಾದರೆ ತಮ್ಮ ಎದುರಾಳಿಯ ತಂತಿಯನ್ನೇ ಬಾಡಿಗೆಗೆ ತಗೋಬೇಕು. ಹೊಸ ತಂತಿಗೆ ದುಡ್ಡು ಹಾಕೋಕೆ ಯಾರಿಗೂ ಅವಸರ ಇರಲಿಲ್ಲ.

2007ರ ಚುನಾವಣೆಯಲ್ಲಿ ಲೇಬರ್ ಪಕ್ಷದ ಕೆವಿನ್ ರಡ್, 470 ಕೋಟಿ ಡಾಲರ್ ಸರ್ಕಾರಿ ಹಣ ಹಾಕಿ ಬ್ರಾಡ್‌ಬ್ಯಾಂಡ್ ಕೊಡ್ತೀವಿ ಅಂದರು. ಗೆದ್ದರು. ಟೆಂಡರ್ ಕರೆದರು. ಟೆಲ್‌ಸ್ಟ್ರಾ ಕೊಟ್ಟ ಅರ್ಜಿ ಷರತ್ತಿಗೆ ಹೊಂದಲ್ಲ ಅಂತ 2008ರ ಡಿಸೆಂಬರ್‌ನಲ್ಲಿ ಅದನ್ನು ಹೊರಗಿಟ್ಟರು. ಕೊನೆಗೆ ಟೆಂಡರನ್ನೇ ರದ್ದು ಮಾಡಿದರು.

ಆಮೇಲೆ 2009ರ ಏಪ್ರಿಲ್ 7. ರಡ್ ಮತ್ತು ಸಂಪರ್ಕ ಸಚಿವ ಸ್ಟೀಫನ್ ಕಾನ್‌ರಾಯ್ ಬಂದು, ಸರ್ಕಾರವೇ ಕಂಪನಿ ಕಟ್ಟುತ್ತೆ, ಶೇ 90ರಷ್ಟು ಮನೆ-ಅಂಗಡಿಗಳ ಬಾಗಿಲಿಗೇ ಫೈಬರ್ ಬರುತ್ತೆ, ಎಂಟು ವರ್ಷ ಸಾಕು, ಖರ್ಚು 4,300 ಕೋಟಿ ಡಾಲರ್‌ವರೆಗೆ ಅಂದರು. 470 ಎಲ್ಲಿ, 4,300 ಎಲ್ಲಿ! ಇಷ್ಟು ದೊಡ್ಡ ಯೋಜನೆಗೆ ಲಾಭ-ವೆಚ್ಚದ ಪೂರ್ತಿ ಲೆಕ್ಕಾಚಾರ ಮಾಡಿಸಿರಲಿಲ್ಲ. ವಿಮಾನದಲ್ಲಿ ಕೂತು ಟಿಶ್ಯೂ ಪೇಪರ್ ಮೇಲೆ ಗೀಚಿದ ಪ್ಲಾನ್ ಅಂತ ವಿರೋಧಿಗಳು ಗೇಲಿ ಮಾಡಿದರು. ಗೇಲಿ ಸ್ವಲ್ಪ ಅತಿಯೇ, ಆದರೆ ಲೆಕ್ಕ ತೋರಿಸಿ ಅನ್ನೋದು ನ್ಯಾಯವಾದ ಪ್ರಶ್ನೆ. ಅದಕ್ಕೆ ಲೇಬರ್ ಪಕ್ಷ ಸರಿಯಾಗಿ ಉತ್ತರ ಕೊಡಲೇ ಇಲ್ಲ.

ಇಬ್ಬರು ಪಕ್ಷೇತರರು, ಒಂದು ಫೈಬರ್

2010ರ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ನಮ್ಮಲ್ಲಾದರೆ ರೆಸಾರ್ಟ್ ಬುಕ್ ಆಗುವ ಹೊತ್ತು. ಅಲ್ಲಿ ಎರಡು ವಾರಕ್ಕೂ ಹೆಚ್ಚು ಮಾತುಕತೆ ನಡೆಯಿತು. ನ್ಯೂ ಸೌತ್ ವೇಲ್ಸ್‌ನ ಗ್ರಾಮೀಣ ಭಾಗದಿಂದ ಗೆದ್ದ ಇಬ್ಬರು ಪಕ್ಷೇತರರು, ಟೋನಿ ವಿಂಡ್ಸರ್ ಮತ್ತು ರಾಬ್ ಓಕ್‌ಶಾಟ್, ಲೇಬರ್‌ನ ಜೂಲಿಯಾ ಗಿಲಾರ್ಡ್ ಕಡೆ ಬಂದರು. 76-74ರಲ್ಲಿ ಸರ್ಕಾರ ನಿಂತಿತು. ವಿಂಡ್ಸರ್ ಕೊಟ್ಟ ಮುಖ್ಯ ಕಾರಣಗಳಲ್ಲಿ ಬ್ರಾಡ್‌ಬ್ಯಾಂಡ್ ಒಂದು. ಒಂದೇ ಸಲ ಮಾಡಿ, ಸರಿಯಾಗಿ ಮಾಡಿ, ಫೈಬರ್‌ನಲ್ಲೇ ಮಾಡಿ ಅನ್ನೋ ಅರ್ಥದ ಅವರ ಮಾತು ಅಲ್ಲಿ ಇವತ್ತಿಗೂ ಗಾದೆ ಥರ ಓಡಾಡುತ್ತೆ.

ಸಿಡ್ನಿ, ಮೆಲ್ಬರ್ನ್‌ನವರಿಗೆ ಹೇಗೋ ಯಾವುದೋ ಕಂಪನಿ ನೆಟ್ ಕೊಡುತ್ತೆ. ನೂರಾರು ಕಿಲೋಮೀಟರ್‌ಗೆ ಒಂದು ಪೇಟೆ ಇರುವ ಕಡೆ ಲಾಭ ನೋಡುವ ಯಾರೂ ಗುಂಡಿ ತೋಡಲ್ಲ. ಹಳ್ಳಿ ಕಡೆಯ ಒಬ್ಬ ಸಂಸದ ಸರ್ಕಾರದ ಭವಿಷ್ಯವನ್ನೇ ಇದಕ್ಕೆ ಕಟ್ಟಿದ್ದು ಯಾಕೆ ಅಂತ ಅರ್ಥ ಆಗುತ್ತೆ.

ಸೋತ ಟೋನಿ ಅಬಾಟ್, ಮ್ಯಾಲ್ಕಮ್ ಟರ್ನ್‌ಬುಲ್ ಅವರನ್ನು ಕರೆದು ಈ ಯೋಜನೆಯನ್ನು ನೆಲಸಮ ಮಾಡುವ ಕೆಲಸ ಒಪ್ಪಿಸಿದರು. ತಮಾಷೆ ನೋಡಿ, ಟರ್ನ್‌ಬುಲ್ ಹಿಂದೆ ಓಜ್‌ಇಮೇಲ್ ಅನ್ನೋ ಇಂಟರ್ನೆಟ್ ಕಂಪನಿಗೆ ದುಡ್ಡು ಹಾಕಿ ಚೆನ್ನಾಗಿ ಸಂಪಾದಿಸಿದವರು. ಇಂಟರ್ನೆಟ್ ಬೇಡ ಅನ್ನುವ ಮನುಷ್ಯ ಅಲ್ಲ. ಅವರ ವಾದ ಇಷ್ಟೇ: ಮನೆವರೆಗೂ ಫೈಬರ್ ಎಳೆಯೋದು ದುಬಾರಿ, ನಿಧಾನ. ಬೀದಿಯಲ್ಲಿ ಒಂದು ಪೆಟ್ಟಿಗೆವರೆಗೆ ಫೈಬರ್ ತನ್ನಿ, ಅಲ್ಲಿಂದ ಮನೆಗೆ ಈಗಾಗಲೇ ಇರುವ ತಾಮ್ರದ ತಂತಿ ಬಳಸಿ. ಬೇಗ ಮುಗಿಯುತ್ತೆ, ಅಗ್ಗವೂ ಹೌದು.

ಅಕ್ಕ ಹೇಳಿದ ಎಫ್‌ಟಿಟಿಎನ್ ಇದೇ. ಎನ್ ಅಂದರೆ ನೋಡ್, ಬೀದಿ ಪೆಟ್ಟಿಗೆ.

ಈ ವಾದವನ್ನು ಸುಮ್ಮನೆ ತಳ್ಳಿಹಾಕೋ ಹಾಗಿರಲಿಲ್ಲ. 2010ರ ಕಂಪನಿ ಯೋಜನೆ ಪ್ರಕಾರ 2013ರ ಜೂನ್ ಹೊತ್ತಿಗೆ ಹನ್ನೆರಡು ಲಕ್ಷಕ್ಕೂ ಹೆಚ್ಚು ಕಟ್ಟಡಗಳ ಮುಂದೆ ಫೈಬರ್ ಹಾದುಹೋಗಬೇಕಿತ್ತು. ಹೋಗಿದ್ದು ಎರಡು ಲಕ್ಷದ ಆಸುಪಾಸು. ಗುತ್ತಿಗೆದಾರರ ತಕರಾರು, ಜತೆಗೆ ಟೆಲ್‌ಸ್ಟ್ರಾದ ಹಳೇ ಕೇಬಲ್ ಗುಂಡಿಗಳಲ್ಲಿ ಆಸ್ಬೆಸ್ಟಾಸ್ ಸಿಕ್ಕಿ ಕೆಲಸವೇ ನಿಂತಿತ್ತು.

2013ರ ಏಪ್ರಿಲ್‌ನಲ್ಲಿ ಅಬಾಟ್ ಮತ್ತು ಟರ್ನ್‌ಬುಲ್ ತಮ್ಮ ಯೋಜನೆ ಬಿಡುಗಡೆ ಮಾಡಿದರು. 2,950 ಕೋಟಿ ಡಾಲರ್, 2016ರ ಕೊನೆಗೆ ಎಲ್ಲರಿಗೂ ಕನಿಷ್ಠ 25 ಮೆಗಾಬಿಟ್. ಸಾಮಾನ್ಯ ಮನೆಗೆ 25 ಸಾಕು, ಸಾಕಾಗಿ ಮಿಕ್ಕುತ್ತೆ ಅನ್ನೋ ಭರವಸೆ ಅಬಾಟ್ ಅವರದು. ಲೇಬರ್ ಯೋಜನೆ ಮುಂದುವರಿದರೆ 9,400 ಕೋಟಿ ಆಗುತ್ತೆ ಅಂತ ಹೆದರಿಸಿದ್ದೂ ಆಯಿತು. ಸೆಪ್ಟೆಂಬರ್‌ನಲ್ಲಿ ಅವರೇ ಗೆದ್ದರು.

ನಲ್ಲಿ ನೀರಿನ ಲೆಕ್ಕ

ತಾಮ್ರದ ತಂತಿಯ ಕಷ್ಟ ನಮಗೆ ಬೇಗ ಅರ್ಥ ಆಗುತ್ತೆ, ಯಾಕಂದ್ರೆ ನಾವು ಬೀದಿ ಕೊನೆ ಮನೆಯ ನಲ್ಲಿ ನೋಡಿದವರು. ಟ್ಯಾಂಕ್ ಪಕ್ಕದ ಮನೆಗೆ ಭರ್ರಂತ ನೀರು, ದೂರದ ಮನೆಗೆ ದಾರದಂತೆ. ಪೆಟ್ಟಿಗೆಯಿಂದ ದೂರ ಹೋದಷ್ಟೂ ತಾಮ್ರದಲ್ಲಿ ವೇಗ ಬೀಳುತ್ತೆ. ಮೇಲಿಂದ ಆ ತಂತಿಯ ವಯಸ್ಸು. ಗುಂಡಿಯೊಳಗೆ ಜಾಯಿಂಟ್‌ಗಳಿಗೆ ಪ್ಲಾಸ್ಟಿಕ್ ಚೀಲ ಸುತ್ತಿಟ್ಟ ಫೋಟೊಗಳು ಅಲ್ಲಿ ತುಂಬಾ ಓಡಾಡಿವೆ. ಜೋರು ಮಳೆ ಬಂದರೆ ಸಾಕು, ಗುಂಡಿಗೆ ನೀರು.

ಕಾಗದದ ಮೇಲೆ 100 ಮೆಗಾಬಿಟ್ ಪ್ಲಾನ್ ಕೊಂಡವರ ತಂತಿಗೆ ಅಷ್ಟು ಹೊರುವ ತಾಕತ್ತೇ ಇರಲಿಲ್ಲ. 2017ರಲ್ಲಿ ಸ್ಪರ್ಧಾ ಆಯೋಗದ ಒತ್ತಾಯಕ್ಕೆ ಟೆಲ್‌ಸ್ಟ್ರಾ ಒಂದೇ ಸುಮಾರು 42 ಸಾವಿರ ಗ್ರಾಹಕರಿಗೆ ಪರಿಹಾರ ಕೊಡಲು ಒಪ್ಪಿತು.

ಇನ್ನೊಂದು ಗಂಟು ಬಿಲ್‌ನಲ್ಲಿತ್ತು. ಸರ್ಕಾರಿ ಕಂಪನಿ ನೇರವಾಗಿ ಮನೆಗೆ ಮಾರಲ್ಲ, ಸಗಟು ವ್ಯಾಪಾರ ಮಾತ್ರ. ಚಿಲ್ಲರೆ ಕಂಪನಿಗಳು ಪ್ರತಿ ಕನೆಕ್ಷನ್‌ಗೆ ಒಂದು ಶುಲ್ಕ, ಜತೆಗೆ ಎಲ್ಲ ಗ್ರಾಹಕರಿಗೂ ಹಂಚಲು ಒಟ್ಟು ಎಷ್ಟು ಸಾಮರ್ಥ್ಯ ಬೇಕೋ ಅದಕ್ಕೆ ಇನ್ನೊಂದು ಶುಲ್ಕ ಕೊಡಬೇಕಿತ್ತು. ಸಾಮರ್ಥ್ಯ ಕಡಿಮೆ ಕೊಂಡರೆ ಕಂಪನಿಗೆ ಉಳಿತಾಯ, ಜನ ಮನೆಗೆ ಬಂದು ಟಿವಿ ಹಚ್ಚುವ ಸಂಜೆ ಹೊತ್ತಿಗೆ ಎಲ್ಲರ ನೆಟ್ ತೆವಳುತ್ತಿತ್ತು. ನಮ್ಮಮ್ಮ ಹಾಸನದಿಂದ ಅಕ್ಕನಿಗೆ ವಿಡಿಯೊ ಕಾಲ್ ಮಾಡ್ತಿದ್ದದ್ದು ಮಧ್ಯಾಹ್ನ ಮೂರೂವರೆಗೆ. ಅಲ್ಲಿ ಆಗ ರಾತ್ರಿ ಎಂಟು. ಅಕ್ಕನ ಹಿಂದಿನ ಮನೆಯಲ್ಲಿ ಮುಖ ಅರ್ಧ ತೆರೆದ ಬಾಯಲ್ಲೇ ನಿಂತುಬಿಡುತ್ತಿತ್ತು. ಅಮ್ಮ "ಕೇಳ್ತಿದ್ಯೇನೇ?" ಅಂತ ಕೂಗುತ್ತಾ ಕೂರೋರು. ನಿಂತಿದ್ದು ಆ ಕಡೆ ನೆಟ್ಟೋ ಈ ಕಡೆ ಸಿಗ್ನಲ್ಲೋ ಕೊನೆಗೂ ತೀರ್ಮಾನ ಆಗಲಿಲ್ಲ.

ಅಗ್ಗ ಅಂದಿದ್ದು ಎಷ್ಟಾಯ್ತು?

2,950 ಕೋಟಿ ಅಂದಿದ್ದು, ಗೆದ್ದ ಮೂರೇ ತಿಂಗಳಿಗೆ ಹೊಸ ಸರ್ಕಾರದ್ದೇ ಪರಿಶೀಲನೆಯಲ್ಲಿ 4,100 ಕೋಟಿ ಆಯಿತು. ಆಮೇಲೆ 5,000 ಕೋಟಿ ದಾಟಿತು. 2016ರ ಗಡುವು ಜಾರಿ ಜಾರಿ, ಮುಖ್ಯ ಕೆಲಸ ಮುಗಿಯಿತು ಅಂತ ಘೋಷಿಸಿದ್ದು 2020ರ ಡಿಸೆಂಬರ್‌ನಲ್ಲಿ. ನಡುವೆ ಪ್ರಧಾನಿಯಾಗಿದ್ದ ಟರ್ನ್‌ಬುಲ್, ಇಡೀ ಯೋಜನೆಯನ್ನು ಶುರು ಮಾಡಿದ ರೀತಿಯೇ ರಡ್ ಅವರ ತಪ್ಪು ಅಂದರು. ತಾಮ್ರಕ್ಕೆ ಬದಲಿಸಿದವರು ನೀವೇ ಅಂತ ರಡ್ ತಿರುಗಿಸಿ ಹೇಳಿದರು.

ನನಗನ್ನಿಸೋದು, ಫೈಬರ್ ವೇಗದ ಲೆಕ್ಕ ಅಥವಾ ತಾಮ್ರದ ಅಗ್ಗದ ಲೆಕ್ಕ ಇವೆರಡನ್ನೂ ಜನರ ಮುಂದೆ ಇಟ್ಟರು. ಅರ್ಧ ದಾರಿಯಲ್ಲಿ ಪ್ಲಾನ್ ಬದಲಿಸಿದರೆ ಎಷ್ಟು ಖರ್ಚು ಅನ್ನೋ ಮೂರನೇ ಲೆಕ್ಕವನ್ನು ಚುನಾವಣೆ ಸಮಯದಲ್ಲಿ ಯಾರೂ ಇಡಲಿಲ್ಲ. ಮನೆ ಕಟ್ಟಿಸಿದವರನ್ನ ಕೇಳಿ ಹೇಳ್ತಾರೆ, ಪಾಯ ಹಾಕಿದ ಮೇಲೆ ಮೇಸ್ತ್ರಿ ಬದಲಾದರೆ ಏನಾಗುತ್ತೆ ಅಂತ.

ಆಮೇಲಿನದ್ದು ಇನ್ನೂ ವಿಚಿತ್ರ. ತಾಮ್ರವೇ ಸಾಕು ಅಂದಿದ್ದ ಅದೇ ಪಕ್ಷದ ಸರ್ಕಾರ 2020ರ ಸೆಪ್ಟೆಂಬರ್‌ನಲ್ಲಿ, ಲಾಕ್‌ಡೌನ್ ನಡುವೆ, ಫೈಬರ್‌ಗೆ ಬದಲಿಸಲು 350 ಕೋಟಿ ಡಾಲರ್ ಪ್ರಕಟಿಸಿತು. 2022ರಲ್ಲಿ ಮರಳಿ ಬಂದ ಲೇಬರ್ ಸರ್ಕಾರ 240 ಕೋಟಿ ಇಟ್ಟು ಇನ್ನೂ 15 ಲಕ್ಷ ಕಟ್ಟಡ ಸೇರಿಸಿತು. 2025ರ ಜನವರಿಯಲ್ಲಿ ಪ್ರಧಾನಿ ಆಂಥನಿ ಆಲ್ಬನೀಸ್, ಬೀದಿ ಪೆಟ್ಟಿಗೆಯಲ್ಲೇ ಉಳಿದ ಕೊನೆಯ 6.22 ಲಕ್ಷ ಕಟ್ಟಡಗಳಿಗೆ ಮತ್ತೆ 300 ಕೋಟಿ ಘೋಷಿಸಿದರು. ಮುಗಿಸಲು ಗಡುವು 2030. ಅಷ್ಟರಲ್ಲಿ ಎಷ್ಟೋ ಜನ 5ಜಿ ಡಬ್ಬಿಗೋ ಸ್ಟಾರ್‌ಲಿಂಕ್‌ಗೋ ಹೋಗಿಬಿಟ್ಟಿದ್ದಾರೆ.

ಇಲ್ಲಿ ಕೂತು ನಗೋ ಹಾಗೂ ಇಲ್ಲ. ನಮ್ಮ ಕೇಂದ್ರ ಸಂಪುಟ 2011ರ ಅಕ್ಟೋಬರ್‌ನಲ್ಲಿ ಎರಡೂವರೆ ಲಕ್ಷ ಗ್ರಾಮ ಪಂಚಾಯ್ತಿಗಳಿಗೆ ಫೈಬರ್ ಎಳೆಯಲು ಒಪ್ಪಿತ್ತು. ಸುಮಾರು 20 ಸಾವಿರ ಕೋಟಿ ರೂಪಾಯಿ, ಎರಡು ವರ್ಷದ ಗುರಿ. ಅದೇ ಮುಂದೆ ಭಾರತ್‌ನೆಟ್ ಆಯಿತು. 2023ರಲ್ಲಿ ಅದರ ಹೊಸ ರೂಪಕ್ಕೆ ಮಂಜೂರಾದದ್ದು 1.39 ಲಕ್ಷ ಕೋಟಿ. ಮೊದಲ ಯೋಜನೆಯಲ್ಲಿ ನಮ್ಮ ಫೈಬರ್ ಕೂಡ ಪಂಚಾಯ್ತಿ ಕಟ್ಟಡದವರೆಗೆ, ಅಲ್ಲಿಂದ ಮನೆಗೆ ಏನು ಅನ್ನೋದು ಬೇರೆಯವರ ಪಾಲು. ನಮ್ಮದೂ ಒಂಥರಾ ನೋಡ್! ವ್ಯತ್ಯಾಸ ಏನಂದ್ರೆ ಇದರ ಬಗ್ಗೆ ಯಾವ ಅಭ್ಯರ್ಥಿಯೂ ನನ್ನ ಮನೆ ಬಾಗಿಲಲ್ಲಿ ವೋಟು ಕೇಳಿದ್ದು ನೆನಪಿಲ್ಲ. ಅಲ್ಲಿ ಕನಿಷ್ಠ ಹದಿನೈದು ವರ್ಷ ಜಗಳ ಆಡಿದ್ದಾರೆ, ಯಾವ ಮೆಗಾಬಿಟ್‌ಗೆ ಯಾರು ಎಷ್ಟು ಅಂದಿದ್ದರು ಅಂತ ಜನರಿಗೆ ನೆನಪಿದೆ.

ಹೋದ ವಾರ ಅಕ್ಕ ಒಂದು ಫೋಟೊ ಕಳಿಸಿದ್ದಳು. ಅವತ್ತು ಬೇಡ ಅಂದ ಆ ನಿಂಬೆ ಗಿಡದ ಮನೆಯ ಬೀದಿ. ಫುಟ್‌ಪಾತ್ ಅಗೆದು ನೀಲಿ ಪೈಪ್ ಇಳಿಸ್ತಿದ್ದಾರೆ. "ಈಗ ಆ ಮನೆ ಬಾಡಿಗೆ ಎಷ್ಟಂತೆ?" ಅಂತ ಕೇಳಿದೆ.

"ಅದನ್ನ ಮಾತ್ರ ಕೇಳಬೇಡ ಕಣೋ" ಅಂದಳು.